ಕಿಟಕಿಯ ಮೇಲಿನ ಪ್ಲಾಸ್ಟಿಕ್ ಹುಂಜ

ಮಡಂತ್ಯಾರಿನ ಬೀಬಿ ಅಜ್ಜಿಯ ಮನೆಯ ಹುಂಜ ಬೊಳ್ಳನಿಗೆ ಹೊಟ್ಟೆಕಿಚ್ಚು ಎಲ್ಲಿಂದ ಬಂತು ಅಂದರೆ, ನೇರ ಸೌದಿಯ ದಮ್ಮಾಮಿನಿಂದ ಬಂತು. ಊರಿಗೆ ಎಸ್‌ಟಿಡಿ ಬೂತ್ ಬಂದ ಹೊಸತು. ಅಜ್ಜಿಯ ಮಗ ಹನೀಫಾ ರಜೆಯಲ್ಲಿ ಬರುವಾಗ ಒಂದು ಅಲಾರಂ ಗಡಿಯಾರ ತಂದ. ಸಾಕ್ಷಾತ್ ಹುಂಜದ ಆಕಾರ. ಹಸಿರು ರೆಕ್ಕೆ, ಕೆಂಪು ಜುಟ್ಟು, ಹೊಟ್ಟೆಯಲ್ಲಿ ಮುಳ್ಳು. ಹೊತ್ತಾದರೆ "ಕೊಕ್ಕೊಕ್ಕೋ!" ಎಂದು ಮನೆ ಹಾರಿಹೋಗುವಂತೆ ಕೂಗುತ್ತಿತ್ತು. ಅದಕ್ಕೆ ಎದುರಿನ ಕೋಣೆಯ ಕಿಟಕಿಯ ಮೇಲೆ ಜಾಗ ಸಿಕ್ಕಿತು.

ಅದು ರಂಜಾನ್ ತಿಂಗಳು. ಮನೆಯವರು ಬೆಳಕು ಹರಿಯುವ ಮೊದಲೇ ಎದ್ದು ಸಹರಿ ಉಣ್ಣಬೇಕು. ಪಳ್ಳಿಯಲ್ಲಿ ಬೆಳಗಿನ ಬಾಂಗ್ ಕೊಟ್ಟ ಮೇಲೆ ಸಂಜೆಯವರೆಗೆ ತೊಟ್ಟು ನೀರೂ ಇಲ್ಲ. ಹಿಂದಿನ ವರ್ಷದವರೆಗೆ ಅವರನ್ನೆಲ್ಲ ಎಬ್ಬಿಸುತ್ತಿದ್ದದ್ದು ಬೊಳ್ಳ. ಹಿತ್ತಲಿನ ಗೂಡಿನೊಳಗಿಂದಲೇ ಕೂಗುತ್ತಿದ್ದ. ಈಗ ಅವನು ಕೂಗಿ ಎಷ್ಟೋ ಹೊತ್ತಾದ ಮೇಲೆ ಆ ಪ್ಲಾಸ್ಟಿಕ್ಕಿನದ್ದು ಕೂಗುತ್ತದೆ. ಕೂಡಲೇ ಹನೀಫಾನ ಮಗಳು ಆಫ್ರಾ, "ಉಮ್ಮಾ, ನಮ್ಮ ಹುಂಜ ಕೂಗಿತು!" ಎಂದು ಕುಣಿಯುತ್ತಾಳೆ.

ನಮ್ಮ ಹುಂಜವಂತೆ! ಬೊಳ್ಳನ ಮೈಯೆಲ್ಲ ಉರಿಯಿತು.

"ಅದರ ಸ್ವರ ಚಂದ ಉಂಟು ಮಾರಾಯ," ಎಂದಳು ಚುಕ್ಕಿ ಕೋಳಿ, ಕಾಲಿನಲ್ಲಿ ಕಸ ಕೆದಕುತ್ತಾ. "ಒಂದು ದಿನವೂ ತಪ್ಪುವುದಿಲ್ಲ. ಬಣ್ಣವೂ ಎಷ್ಟು ಚಂದ!"

"ಅದು ಒಂದು ಹುಳ ಹಿಡಿಯಲಿ ನೋಡುವ," ಎಂದ ಬೊಳ್ಳ.

"ನೀನು ಹಿಡಿದ ಹುಳ ನೀನೇ ತಿನ್ನುತ್ತಿ. ಅದಾದರೆ ಯಾರದ್ದನ್ನೂ ತಿನ್ನುವುದಿಲ್ಲ."

ಬೊಳ್ಳ ಬೆನ್ನು ತಿರುಗಿಸಿ ಅಜ್ಜಿ ಚೆಲ್ಲಿದ ಅನ್ನದ ಕಡೆ ನಡೆದ. ಹೊಟ್ಟೆಕಿಚ್ಚು ಇನ್ನಷ್ಟಾಯಿತು. ಅನ್ನ ಸೇರಲಿಲ್ಲ ಅಂತ ಹೇಳಿದರೆ ಸುಳ್ಳಾದೀತು. ತಿಂದ, ಆದರೆ ರುಚಿ ಹತ್ತಲಿಲ್ಲ.

ಒಂದು ಸಂಜೆ ಮನೆಯವರೆಲ್ಲ ಉಪವಾಸ ಬಿಡುವ ತಯಾರಿಯಲ್ಲಿ ಅಡುಗೆಮನೆ ಸೇರಿದ್ದರು. ಬೊಳ್ಳ ಜಗಲಿ ಹತ್ತಿ, ಅಲ್ಲಿಂದ ಕಿಟಕಿಗೆ ಹಾರಿದ. ಎದುರಾಳಿಯ ಮುಖಕ್ಕೆ ಮುಖ ಕೊಟ್ಟು ನಿಂತು ಜುಟ್ಟಿಗೇ ಕುಕ್ಕಿದ. ಅದು ತಿರುಗಿ ಕುಕ್ಕಲಿಲ್ಲ. ಈ ಜಂಬ ಬೇರೆ! ಇನ್ನೊಂದು ಕುಕ್ಕಿದ. ಗಡಿಯಾರ ದೊಪ್ಪನೆ ಚಾಪೆಯ ಮೇಲೆ ಬಿತ್ತು. ಸದ್ದಿಗೆ ಓಡಿಬಂದ ಆಫ್ರಾ "ಹುಶ್!" ಎಂದು ಬೊಳ್ಳನನ್ನು ಓಡಿಸಿ, ಗಡಿಯಾರವನ್ನು ಹಾಗೆಯೇ ಎತ್ತಿಟ್ಟಳು. ಮುಳ್ಳು ನಿಂತದ್ದನ್ನು ಅವಳು ನೋಡಲಿಲ್ಲ. ಓಡುವ ಮೊದಲು ಬೊಳ್ಳ ನೋಡಿದ್ದ. ಟಿಕ್ ಟಿಕ್ ಇಲ್ಲ.

ಗೂಡಿನಲ್ಲಿ ಕುಳಿತು ಅವನು ಲೆಕ್ಕ ಹಾಕಿದ. ಬೆಳಿಗ್ಗೆ ನಾನು ಕೂಗಿದರೆ ಇವರು ಏಳುತ್ತಾರೆ, ಅದು ಹಾಳಾದದ್ದು ಯಾರಿಗೂ ಗೊತ್ತಾಗುವುದಿಲ್ಲ. ನಾನು ಕೂಗದಿದ್ದರೆ? ಬೈಗುಳವೆಲ್ಲ ಅದಕ್ಕೇ! ಕೂಗುವ ಹೊತ್ತು ಬಂತು. ಗಂಟಲು ತುರಿಸಿತು. ಬೊಳ್ಳ ಕೊಕ್ಕನ್ನು ರೆಕ್ಕೆಯೊಳಗೆ ತುರುಕಿ ಗಟ್ಟಿಯಾಗಿ ಕುಳಿತ.

ಮನೆಯವರು ಎದ್ದದ್ದು ಬಾಂಗ್ ಕೇಳಿದಾಗ. ಸಹರಿಯ ಹೊತ್ತು ಮುಗಿದಿತ್ತು. "ಹಾಳು ಗಡಿಯಾರ!" ಎಂದು ಹನೀಫಾ ಅದನ್ನು ಕಪಾಟಿನ ಮೇಲಕ್ಕೆ ಎಸೆದ ಸದ್ದು ಹಿತ್ತಲಿಗೂ ಕೇಳಿತು. ಬೊಳ್ಳನ ಎದೆ ಉಬ್ಬಿತು. ಇಂಥ ಸುಖವನ್ನು ಅವನು ಹುಟ್ಟಿದಾರಭ್ಯ ಕಂಡಿರಲಿಲ್ಲ.

ಅಷ್ಟರಲ್ಲಿ ಬೀಬಿ ಅಜ್ಜಿ ಗೂಡಿನ ಬಾಗಿಲು ತೆಗೆದಳು. ದಿನದ ಹಾಗೆ ನುಚ್ಚು ಚೆಲ್ಲದೆ ಬೊಳ್ಳನನ್ನು ಎತ್ತಿಕೊಂಡು ಗಂಟಲು ಸವರಿದಳು.

"ಏನಾಯಿತು ಮಗ ನಿನಗೆ? ಹುಷಾರಿಲ್ಲವಾ? ಆ ಗಡಿಯಾರ ನಾನು ಮಲಗುವ ಈ ಹಿಂದಿನ ಕೋಣೆಗೆ ಕೇಳುವುದೇ ಇಲ್ಲ. ನೀನು ಕೂಗಿದ ಮೇಲೇ ಅಲ್ಲವಾ ನಾನು ಎದ್ದು ಒಲೆ ಹಚ್ಚುವುದು? ನನ್ನ ಅನ್ನ ಬೆಂದ ಮೇಲೆ ಅದು ಕೂಗುವುದು."

ಒಳಗಿನಿಂದ ಹನೀಫಾ, "ಉಮ್ಮಾ, ಈ ಪ್ರಾಯದಲ್ಲಿ ಬರೀ ಹೊಟ್ಟೆಯಲ್ಲಿ ಬೇಡ. ಇವತ್ತು ಉಪವಾಸ ಬಿಡಿ," ಎಂದ.

"ಬಿಡುವುದಿಲ್ಲ. ಇಡೀ ತಿಂಗಳು ಹಿಡಿಯುತ್ತೇನೆ ಅಂತ ನಿಯ್ಯತ್ ಮಾಡಿದ್ದೇನೆ," ಎಂದು ಅಜ್ಜಿ ನುಚ್ಚು ಚೆಲ್ಲಿದಳು.

ಬೊಳ್ಳನಿಗೆ ನುಚ್ಚು ಇಳಿಯಲಿಲ್ಲ. ಈ ಸಲ ನಿಜವಾಗಿಯೂ ಇಳಿಯಲಿಲ್ಲ. ಚುಕ್ಕಿ ಅವನ ಪಾಲನ್ನೂ ಮುಗಿಸಿದಳು. ಮಧ್ಯಾಹ್ನ ಅಜ್ಜಿ ಕಣ್ಣು ಮುಚ್ಚಿ ಹಿತ್ತಲ ಮೆಟ್ಟಿಲಲ್ಲಿ ಒರಗಿದಾಗ ಅವನು ಅವಳ ಕಾಲ ಬಳಿ ಹೋಗಿ ಕುಳಿತ. ತನ್ನ ಕೂಗನ್ನು ನಂಬಿದ್ದ ಒಬ್ಬಳೇ ಒಬ್ಬಳನ್ನು ಅವನು ಹಸಿವಿನಲ್ಲಿ ಕೂರಿಸಿದ್ದ.

ಸಂಜೆ ಅಜ್ಜಿ ಖರ್ಜೂರ ತಿಂದು ನೀರು ಕುಡಿದ ಮೇಲೆಯೇ ಅವನು ಗೂಡು ಸೇರಿದ್ದು.

ಹನೀಫಾ ಗಡಿಯಾರವನ್ನು ಸರಿಮಾಡಿ ಮತ್ತೆ ಕಿಟಕಿಯಲ್ಲಿಟ್ಟಿದ್ದ. ಇರಲಿ. ಮರುದಿನ ಹೊತ್ತಿಗೆ ಸರಿಯಾಗಿ ಬೊಳ್ಳ ಕತ್ತು ಚಾಚಿ ಕೂಗಿದ. ಕೂಗಿ ಮುಗಿದ ಮೇಲೆ, ಎಂದಿನಂತೆ ಎದುರಿನ ಕಿಟಕಿಯ ಕಡೆ ಕಿವಿ ಕೊಡದೆ, ಪಕ್ಕದ ಅಡುಗೆಮನೆಯ ಗೋಡೆಗೆ ಕಿವಿ ಕೊಟ್ಟ.

ಗೋಡೆಯಾಚೆ ಅಜ್ಜಿ ಬೆಂಕಿಕಡ್ಡಿ ಗೀರಿದಳು.