ಮೂರನೇ ಪೂಜೆ

ಆಂಧ್ರದ ಗಡಿಯೂರು ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವವರಿಗೆಲ್ಲ ಜಿಪ್ಪು, ಗುಂಡಿ, ದಾರ ಮಾರುತ್ತಿದ್ದ ಸಿದ್ದರಾಮೇಶ, ತನ್ನ ಅಂಗಡಿ ಒಂದು ದಿನ ಮುಚ್ಚಿದರೆ ಊರಿನ ಮಿಷನ್ನುಗಳೆಲ್ಲ ನಿಂತುಬಿಡುತ್ತವೆ ಎಂದು ಕೊಚ್ಚಿಕೊಳ್ಳುತ್ತಿದ್ದ. ಅದನ್ನು ಯಾರೂ ನಂಬುತ್ತಿರಲಿಲ್ಲ. ಆದರೆ ಅವನು ಅಪ್ಪನ ವಿಷಯ ಎತ್ತಿದರೆ ಜನ ಕೈಮುಗಿದು ಕೇಳುತ್ತಿದ್ದರು. ಎಪ್ಪತ್ತೆಂಟರ ಗಂಗಾಧರಪ್ಪ ಈ ಮೂರು ತಿಂಗಳಿಂದ ಬೆಳಗಿನ ಹೊತ್ತಿನಲ್ಲೇ ಎರಡೆರಡು ಸಲ ತಲೆಯ ಮೇಲೆ ತಣ್ಣೀರು ಸುರಿದುಕೊಂಡು, ದೇವರಮನೆಯ ಚಿಲಕ ಹಾಕಿಕೊಂಡು ಲಿಂಗಪೂಜೆಗೆ ಕೂರುತ್ತಿದ್ದರು. ಎಷ್ಟೋ ದಿನ ತಿಂಡಿಯೇ ಬೇಡವೆಂದು ಎದ್ದುಬಿಡುತ್ತಿದ್ದರು.

"ಅಪ್ಪಾರು ಶರಣರಾಗ್ಯಾರ ಬಿಡ್ರಿ ಸಿದ್ದಣ್ಣ. ಇದು ನಿಮ್ಮ ಮನಿ ಪುಣ್ಯ," ಎಂದು ಪಕ್ಕದ ಮನೆಯ ವೆಂಕಟಪ್ಪ ದಿನಾ ಅವರ ಕಾಲು ಮುಟ್ಟಿ ಕೆಲಸಕ್ಕೆ ಹೋಗುತ್ತಿದ್ದ. ಸಿದ್ದರಾಮೇಶ ತಾನೇ ಪೂಜೆ ಮಾಡಿದವನ ಹಾಗೆ ತಲೆ ತಗ್ಗಿಸಿ ಆ ಪುಣ್ಯವನ್ನು ಸ್ವೀಕರಿಸುತ್ತಿದ್ದ.

ತಂಗಿ ಅಂಜನಾಳನ್ನು ಮಡಕಶಿರಕ್ಕೆ ಕೊಟ್ಟು ಹದಿನೆಂಟು ವರ್ಷವಾಗಿತ್ತು. ಪಾವಗಡದಲ್ಲಿ ಒಂದು ಬಸ್ಸು, ಕಲ್ಯಾಣದುರ್ಗದಲ್ಲಿ ಇನ್ನೊಂದು ಬಸ್ಸು ಎಂದು ಹತ್ತಿ ಇಳಿದು, ಒಂದು ಚೀಲ ಕಡಲೆಕಾಯಿ ಹೊತ್ತುಕೊಂಡು ಅವಳು ತವರಿಗೆ ಬಂದಳು. ಅಪ್ಪನನ್ನು ನೋಡಿದವಳೇ ಚೀಲ ಅಲ್ಲೇ ಬಿಟ್ಟಳು.

"ಅಣ್ಣ, ಅಪ್ಪ ಯಾಕೆ ಹಿಂಗೆ ಇಳಿದೋಗವ್ರೆ? ಅಂಗಿಯೊಳಗೆ ಮನುಷ್ಯನೇ ಇಲ್ವಲ್ಲ?"

"ಏನವಾ ನಿನ್ನ ಮಾತು, ಪೂರಾ ಸಿರಾ ಕಡೀದಾಗೇತಿ," ಎಂದು ಸಿದ್ದರಾಮೇಶ ನಕ್ಕ. "ಅಪ್ಪ ಈಗ ಉಪವಾಸ, ಪೂಜಿ ಅಂತ ಹಿಡದಾರ. ಪೂಜಿ ಮಾಡೋರು ದಪ್ಪ ಆಗ್ತಾರೇನು?"

ಅಂಜನಾ ನಗಲಿಲ್ಲ. ಮರುದಿನ ದೇವರಮನೆ ಸಾರಿಸಲು ಹೋದವಳು ಅತ್ತಿಗೆ ಶಾಂತಕುಮಾರಿಯನ್ನು ಕರೆದು, ಗೂಡಿನಲ್ಲಿದ್ದ ವಿಭೂತಿ ಗಟ್ಟಿ ತೋರಿಸಿದಳು. ಅದು ಹೆಬ್ಬೆರಳಿನಷ್ಟಾಗಿತ್ತು.

"ಇದು ಯಾವಾಗ ತಂದಿದ್ದು ಅತ್ತಿಗೆ?"

"ಅಮಾಸಿ ದಿನ. ಹದಿಮೂರು ದಿನ ಆತು ನೋಡ್ರಿ. ಮೊದಲೆಲ್ಲ ಒಂದು ಗಟ್ಟಿ ಒಂದು ತಿಂಗಳು ಬರ್ತಿತ್ತು."

ವಿಭೂತಿಯ ಪಕ್ಕದಲ್ಲೇ ಅಪ್ಪನ ಸಕ್ಕರೆ ಕಾಯಿಲೆಯ ಮಾತ್ರೆಗಳಿದ್ದವು. ಪೂಜೆ ಮುಗಿಸಿ, ತೀರ್ಥದ ಜೊತೆಗೇ ಒಂದು ಮಾತ್ರೆ ನುಂಗಿ, ಹೊರಗೆ ಬಂದು ತಿಂಡಿಗೆ ಕೂರುವುದು ಅವರ ಎಷ್ಟೋ ವರ್ಷದ ಪದ್ಧತಿ. ಮಾತ್ರೆಗಳನ್ನೂ ಅಮಾವಾಸ್ಯೆಯ ದಿನವೇ ತಂದಿದ್ದು. ಮೂವತ್ತರಲ್ಲಿ ನಾಲ್ಕೇ ಉಳಿದಿದ್ದವು. ಅಂಜನಾ ಮತ್ತೊಮ್ಮೆ ಎಣಿಸಿದಳು.

ಸಂಜೆ ಅಣ್ಣ ಅಂಗಡಿಯಿಂದ ಬರುವುದನ್ನೇ ಕಾದಿದ್ದು, ಮಾತ್ರೆಗಳನ್ನು ಅವನ ಮುಂದೆ ಹಿಡಿದಳು. "ಅಪ್ಪ ಪೂಜೆ ಮಾಡಿದ್ದು ಮರೀತಾವ್ರೆ ಕಣಣ್ಣ. ಮರೆತು ಮತ್ತೆ ಕೂರ್ತಾವ್ರೆ. ಪ್ರತಿ ಸಲ ಒಂದೊಂದು ಮಾತ್ರೆ ನುಂಗ್ತಾವ್ರೆ. ಊಟ ಮಾತ್ರ ಇಲ್ಲ. ನಮ್ಮತ್ತೆಗೂ ಶುಗರ್ ಇತ್ತು, ನಂಗೊತ್ತು. ಇದು ಜೀವಕ್ಕೇ ಬರೋ ಕೆಲಸ."

"ಮೆಡಿಕಲ್ ಶಾಪಿನಾವ ಕಡಿಮಿ ಕೊಟ್ಟಿರತಾನ." ಹೋದ ತಿಂಗಳು ಆ ಅಂಗಡಿಯವನು, ಇಷ್ಟು ಬೇಗ ಮುಗಿದವಾ ಎಂದು ಕೇಳಿದ್ದಕ್ಕೆ ಸಿದ್ದರಾಮೇಶ ಅವನ ಮೇಲೇ ಹರಿಹಾಯ್ದು ಬಂದಿದ್ದ. ಆ ನೆನಪು ಈಗ ಚುಚ್ಚಿತು. ಚುಚ್ಚಿದ್ದಕ್ಕೇ ಸಿಟ್ಟು ಹೆಚ್ಚಾಯಿತು.

"ಅಣ್ಣ, ಅಪ್ಪಂಗೆ ಅರಳುಮರಳು ಶುರುವಾಗೈತೆ."

"ಬಾಯಿ ಮುಚ್ಚು! ಊರೆಲ್ಲ ಕಾಲಿಗೆ ಬೀಳೋ ಮನಷ್ಯಾಗ ಅರಳುಮರಳು ಅಂತೀಯಲ್ಲ. ಮಂದಿ ಕೇಳಿದ್ರ ಏನಂದಾರು? ಎರಡು ದಿನಕ್ಕ ಬಂದಾಕಿ, ಎರಡು ದಿನ ಇದ್ದು ಹೋಗು. ದೇವರಮನ್ಯಾಗಿನ ಸಾಮಾನು ಮುಟ್ಟಬ್ಯಾಡ." ಅವಳ ಕೈಯಿಂದ ಮಾತ್ರೆಗಳನ್ನು ಕಸಿದು, ತಾನೇ ಹೋಗಿ ವಿಭೂತಿಯ ಪಕ್ಕದಲ್ಲಿಟ್ಟು ಬಂದ.

ಬೆಳಗ್ಗೆ ಎಂಟೂವರೆಗೆ ಶಾಂತಕುಮಾರಿ ಮಂಡಕ್ಕಿ ಉಗ್ಗಾಣಿ ತಟ್ಟೆಗೆ ಹಾಕಿ, ಮೇಲೆರಡು ಮೆಣಸಿನಕಾಯಿ ಬಜ್ಜಿ ಇಟ್ಟು ಮಾವನನ್ನು ಕರೆದಳು. ಹಣೆಯ ತುಂಬ ಒದ್ದೆ ಆರದ ವಿಭೂತಿ ಹಚ್ಚಿಕೊಂಡಿದ್ದ ಗಂಗಾಧರಪ್ಪ ತಟ್ಟೆ ನೋಡಿ ಗದರಿದರು. "ಪೂಜಿ ಆಗದ ಹೆಂಗ ತಿನ್ನಲವಾ? ಆಚಾರ ವಿಚಾರ ಎಲ್ಲ ಬಿಟ್ರೇನು?"

"ಅಪ್ಪಾ, ನೀನು ಐದಕ್ಕೇ ಪೂಜೆ ಮಾಡಿದೆ. ನಾನು ಗಂಟೆ ಕೇಳಿದೀನಿ. ಏಳಕ್ಕೆ ಮತ್ತೆ ಮಾಡಿದೆ!" ಅಂಜನಾ ಅಡ್ಡ ನಿಂತಳು. ಅಪ್ಪ ಅವಳನ್ನು ಸರಿಸಿ ಬಚ್ಚಲಿಗೆ ನಡೆದರು. ನಡಿಗೆ ತುಸು ಓಲಾಡುತ್ತಿತ್ತು. ಸಿದ್ದರಾಮೇಶ ತಂಗಿಯ ತೋಳು ಹಿಡಿದು ನಿಲ್ಲಿಸಿದ. ನೀರು ಸುರಿದ ಸದ್ದಾಯಿತು. ಒದ್ದೆ ಹೆಜ್ಜೆ ದೇವರಮನೆಗೆ ಹೋಯಿತು. ಚಿಲಕ ಬಿತ್ತು.

ತೀರ್ಥ, ಮಾತ್ರೆ ಎಲ್ಲ ಮುಗಿದ ಮೇಲೆ ಅವರು ಗಂಟೆ ಬಾರಿಸುತ್ತಿದ್ದರು. ಅಲ್ಲಿಯವರೆಗೆ ಬಾಗಿಲು ಬಡಿಯಬಾರದು, ಕೂಗಬಾರದು ಎನ್ನುವುದು ಅಜ್ಜನ ಕಾಲದಿಂದ ಆ ಮನೆಯ ಕಟ್ಟಳೆ. ಕಾಲು ಗಂಟೆ ಕಳೆಯಿತು. ಗಂಟೆ ಕೇಳಲಿಲ್ಲ. ಸಿದ್ದರಾಮೇಶ ಅಂಗಡಿಯ ಕೀಲಿ ಹಿಡಿದು ನಿಂತಿದ್ದವನು ಹೋಗಲಿಲ್ಲ. ಅರ್ಧ ಗಂಟೆಯಾಯಿತು. ಒಳಗೆ ತಂಬಿಗೆ ಉರುಳಿದ ಸದ್ದು. ಆಮೇಲೆ ಅಪ್ಪನ ದನಿ, ಬಾಯಿ ತುಂಬ ಎಲೆ ಅಡಿಕೆ ಇಟ್ಟುಕೊಂಡವರ ಹಾಗೆ ತೊದಲು. ಆಮೇಲೆ ಅದೂ ಇಲ್ಲ.

"ಅಣ್ಣಾ, ಬಾಗಿಲು ಮುರಿಯೋ! ಯಾರ ದಾರಿ ನೋಡಾಕತ್ತೀಯೋ?" ಹದಿನೆಂಟು ವರ್ಷದ ಮಡಕಶಿರದ ಮಾತು ಅಂಜನಾಳ ಬಾಯಿಂದ ಒಂದೇ ಉಸಿರಿಗೆ ಹಾರಿಹೋಯಿತು.

ಸಿದ್ದರಾಮೇಶನ ಕಾಲು ಮೇಲೇಳಲಿಲ್ಲ. ದೇವರಮನೆಯ ಬಾಗಿಲನ್ನು ಒದೆಯುವುದು ಹೇಗೆ? ಒಳಗೆ ಅಪ್ಪ ನಿಜವಾಗಿಯೂ ಧ್ಯಾನದಲ್ಲಿದ್ದರೆ? ಆ ಗಳಿಗೆಯಲ್ಲೂ ಅವನು ಅದನ್ನೇ ಬಯಸಿದ. ಆಮೇಲೆ, ಅಪ್ಪ ಸತ್ತರು ಎಂಬ ಮಾತು ಅವನ ಮನಸ್ಸಿನೊಳಗೆ ನೆಟ್ಟಗೆ ಬಂದು ನಿಂತಿತು. ಹಿಂದೆ ಸರಿದು ಒದ್ದ. ಎರಡನೇ ಒದೆತಕ್ಕೆ ಚಿಲಕ ಕಿತ್ತು ಬಂತು.

ಗಂಗಾಧರಪ್ಪ ಗೋಡೆಗೆ ಒರಗಿದ್ದರು. ಬೆವರು ನೀರಿನ ಹಾಗೆ ಇಳಿಯುತ್ತಿತ್ತು. ಕಣ್ಣು ಅರೆತೆರೆದಿದ್ದರೂ ಯಾರನ್ನೂ ನೋಡುತ್ತಿರಲಿಲ್ಲ. ಎಡಗೈ ಮಾತ್ರ ಲಿಂಗದ ಸುತ್ತ ಮುಷ್ಟಿಯಾಗಿ ಬಿಗಿದು ನಡುಗುತ್ತಿತ್ತು.

"ಅತ್ತಿಗಿ, ಸಕ್ಕರಿ! ಎರಡು ಹನಿ ನೀರಾಗ ಕಲಸಿ ತರ್ರಿ. ನೀರು ಕುಡಿಸಬ್ಯಾಡ್ರಿ, ನೆತ್ತಿಗೇರತೈತಿ. ಅಣ್ಣ, ಫೋನ್ ಮಾಡಿ ಅಪ್ಪನ ಕೈ ಹಿಡಿ. ಲಿಂಗ ಕೆಳಗ ಬಿದ್ರ ಅಪ್ಪ ನಮ್ಮನ್ನ ಸುಮ್ಮನ ಬಿಡೂದಿಲ್ಲ."

ಅವನು 108ಕ್ಕೆ ಫೋನ್ ಮಾಡಿ, ಆ ಮುಷ್ಟಿಯ ಕೆಳಗೆ ತನ್ನೆರಡೂ ಅಂಗೈ ಒಡ್ಡಿ ಕೂತ. ಅಂಜನಾ ಅಪ್ಪನ ಕೆನ್ನೆಯೊಳಗೆ ಸಕ್ಕರೆ ತಿಕ್ಕುತ್ತಿದ್ದಳು. ಎದುರಿನ ಗೂಡಿನಲ್ಲಿ ನಿನ್ನೆ ತನ್ನ ಕೈಯಾರೆ ಇಟ್ಟ ಮಾತ್ರೆಗಳು ಸಿದ್ದರಾಮೇಶನ ಕಣ್ಣಿಗೆ ಬಿದ್ದವು. ನಾಲ್ಕರಲ್ಲಿ ಒಂದೇ ಉಳಿದಿತ್ತು. ಮೂರು ಪೂಜೆಗೆ ಮೂರು. ನಾನೇ ಇಟ್ಟೆ, ನಾನೇ ಇಟ್ಟೆ ಎಂದು ಸಿದ್ದರಾಮೇಶ ದೊಡ್ಡದಾಗಿಯೇ ಹೇಳಿಕೊಳ್ಳುತ್ತಿದ್ದ. ಅದು ಅವನಿಗೇ ಗೊತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಗ್ಲೂಕೋಸ್ ಹತ್ತಿಸಿದ ಮೇಲೆ ಡಾಕ್ಟರಮ್ಮ ತೆಲುಗಿನಲ್ಲಿ, ಮನೆಯಲ್ಲಿ ಇವರ ಜೊತೆ ಯಾರಿರುತ್ತೀರಿ ಎಂದು ಕೇಳಿದರು. ಎಲ್ಲರೂ ಇರುತ್ತೇವೆ ಎನ್ನಲು ಸಿದ್ದರಾಮೇಶ ಬಾಯಿ ತೆರೆದ. ಆದರೆ ತಂಗಿಯ ಕಡೆ ತಿರುಗಿದ. ಬೆಳಗಿನ ಐದರ ಪೂಜೆಯ ಗಂಟೆಯನ್ನು ಅವನು ಒಂದು ದಿನವೂ ಕೇಳಿರಲಿಲ್ಲ. ಇನ್ನು ಮೇಲೆ ಮಾತ್ರೆ ಬೇರೆಯವರ ಕೈಯಲ್ಲಿರಲಿ, ಇವರನ್ನು ಒಂಟಿಯಾಗಿ ಬಿಡಬೇಡಿ, ಮರೆವಿಗೂ ಒಮ್ಮೆ ತೋರಿಸಿ ಎಂದು ಹೇಳಿ ಅವರು ಮುಂದಿನ ಮಂಚಕ್ಕೆ ಹೋದರು.

ಮಧ್ಯಾಹ್ನ ಕಣ್ಣು ಬಿಟ್ಟ ಗಂಗಾಧರಪ್ಪ ನಾಲಿಗೆ ಚಪ್ಪರಿಸಿ ಮುಖ ಸಿಂಡರಿಸಿದರು. "ಪೂಜಿ ಆಗದ ಬಾಯಾಗ ಏನು ಹಾಕಿದ್ರೋ?"

"ಪೂಜಿ ಆಗೇತಪ್ಪಾ."

"ನೀನು ನೋಡೀಯೇನು?"

ನೋಡಿರಲಿಲ್ಲ. ಊರಿಗೆಲ್ಲ ಹೇಳಿದ್ದ ಪೂಜೆಯನ್ನು ಒಂದು ದಿನವೂ ಅವನು ನೋಡಿರಲಿಲ್ಲ.

ಮನೆಗೆ ಕರೆತಂದ ಮರುದಿನ ಐದು ಗಂಟೆಗೆ ಸಿದ್ದರಾಮೇಶ ಸ್ನಾನ ಮಾಡಿ ಅಪ್ಪನ ಪಕ್ಕದಲ್ಲೇ ಕೂತ. ಇಪ್ಪತ್ತು ವರ್ಷದ ಮೇಲೆ ತನ್ನ ಲಿಂಗವನ್ನು ಅಂಗೈಗೆ ತೆಗೆದುಕೊಂಡ. ಕಿತ್ತ ಚಿಲಕವನ್ನು ಅವನು ಹಾಕಿಸಿರಲಿಲ್ಲ. ಪೂಜೆ ಮುಗಿದಾಗ ಅಪ್ಪ ಅವನ ಹಣೆಗೆ ಮೂರು ಬೆರಳಿಂದ ವಿಭೂತಿ ಎಳೆದರು. ಮಾತ್ರೆಯನ್ನು ಅವನೇ ಕೊಟ್ಟ, ಡಾಕ್ಟರಮ್ಮನ ಹೊಸ ಚೀಟಿಯಂತೆ ಅರ್ಧವೇ. ಅಂಜನಾ ತಟ್ಟೆ ತಂದಿಟ್ಟಳು. ಗಂಗಾಧರಪ್ಪ ಕೂತವರು ಥಟ್ಟನೆ ಎದ್ದು ಟವೆಲ್ಲು ಎಳೆದುಕೊಂಡರು.

"ಪೂಜಿ ಆಗಿಲ್ಲ."

"ಆಗೇತಪ್ಪಾ. ನಾನೂ ಬಾಜು ಕುಂತಿದ್ದೆ."

"ಸುಳ್ಳು ಹೇಳ್ತಿ. ನೀನು ಯಾವತ್ತು ಪೂಜಿಗೆ ಕುಂತೀಯೋ?"

ಸಿದ್ದರಾಮೇಶ ಬಗ್ಗಿ ತನ್ನ ಹಣೆಯನ್ನು ಅಪ್ಪನ ಕಣ್ಣ ಮುಂದೆ ಹಿಡಿದ. "ಇದು ಯಾರ ಹಚ್ಚಿದ್ದು ನೋಡು. ನಿನ್ನ ಮೂರು ಬೆರಳು."

ಗಂಗಾಧರಪ್ಪ ಬಹಳ ಹೊತ್ತು ನೋಡಿದರು. ತಮ್ಮ ಮೂರು ಬೆರಳನ್ನು ಆ ಗೆರೆಗಳ ಮೇಲಿಟ್ಟು ಅಳತೆ ನೋಡಿದರು. ಬೆರಳಿಗಂಟಿದ ಬೂದಿಯನ್ನು ಬೆಳಕಿಗೆ ಹಿಡಿದರು. ಆಮೇಲೆ ಮಗುವಿನ ಹಾಗೆ ಹೆದರಿದ ಮುಖದಲ್ಲಿ ಮಗನನ್ನು ನೋಡಿ, ಟವೆಲ್ಲು ಬಿಟ್ಟು, ತಟ್ಟೆಗೆ ಕೈ ಹಾಕಿದರು.

ಏಳಕ್ಕೆ ಮತ್ತೆ ಪೂಜೆಗೆ ಎದ್ದರು, ಮಗ ಮತ್ತೆ ಹಣೆ ತೋರಿಸಿದ. ಎಂಟೂವರೆಗೆ ಮತ್ತೆ. ಅಂಗಡಿಯಿಂದ ಫೋನು ಬಡಿದುಕೊಳ್ಳುತ್ತಿತ್ತು, ಹೊರಗೆ ಬಿಸಿಲು ಏರುತ್ತಿತ್ತು. ಅಪ್ಪನ ಪಕ್ಕ ಕೂತ ಸಿದ್ದರಾಮೇಶ ಕತ್ತಿನ ಬೆವರು ಒರೆಸಿಕೊಂಡ. ಹಣೆಯನ್ನು ಮಾತ್ರ ಮುಟ್ಟಲಿಲ್ಲ.