ವಾಕ್ಯ ಮುಗಿಯುವ ಮೊದಲೇ ಆಡಿದ ತಲೆಗಳು

ಪ್ರೊಫೆಸರ್ ಪ್ಯೊ ಚಮಚ ಎತ್ತುವವರೆಗೆ ಅವರ ಶಿಷ್ಯರಾರೂ ಸೂಪಿಗೆ ಕೈ ಹಾಕುತ್ತಿರಲಿಲ್ಲ. ತಲೆಯಾಡಿಸುವ ವಿಷಯದಲ್ಲಿ ಮಾತ್ರ ಆ ವ್ಯವಧಾನ ಯಾರಿಗೂ ಇರಲಿಲ್ಲ. ಮೇಜಿನ ತುದಿಯಲ್ಲಿ ಕೂತ ಹ್ಯೆರಿನ್ ಆ ಕೋಲೆಬಸವಗಳನ್ನು ಅಸಹ್ಯದಿಂದ ನೋಡುತ್ತಿದ್ದಳು.

ಕೊರಿಯನ್ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಅಲ್ಲಿಯವರೆಗೆ ಕೇಳುವವನ ಮನಸ್ಸು ಪದಗಳನ್ನು ಮೂಟೆ ಕಟ್ಟಿಕೊಂಡು ಸುಮ್ಮನೆ ಕಾಯುತ್ತದೆ ಎಂಬುದು ಪ್ಯೊ ಅವರ ಸಿದ್ಧಾಂತ. ಅವರ ಕುರ್ಚಿ ನಿಂತಿದ್ದೇ ಅದರ ಮೇಲೆ. ಹ್ಯೆರಿನ್ ತನ್ನ ಪಿಎಚ್.ಡಿ. ಪ್ರಬಂಧದಲ್ಲಿ ಅದನ್ನು ಅಲ್ಲಗಳೆದಿದ್ದಳು. ‘ಅಜ್ಜಿಗೆ ಮಗು’ ಎಂದು ಕಿವಿಗೆ ಬಿದ್ದೊಡನೆ, ‘ಕೊಟ್ಟಿತು’ ಎನ್ನುವ ಮೊದಲೇ, ಕೇಳುಗರ ಕಣ್ಣು ಪರದೆಯ ಮೇಲಿನ ಚಿತ್ರಗಳಲ್ಲಿ ಕೊಡಬಹುದಾದ ಒಂದೇ ವಸ್ತುವಾದ ಸೇಬಿನತ್ತ ಓಡುವುದನ್ನು ಅವಳ ಕ್ಯಾಮೆರಾ ಹಿಡಿದಿತ್ತು. ಪ್ಯೊ ಸಹಿ ಹಾಕದಿದ್ದರೆ ಆರು ವರ್ಷದ ದುಡಿಮೆ ಮಣ್ಣುಪಾಲು.

“ಕಣ್ಣು ನೊಣದ ಹಾಗೆ ಕಣಮ್ಮ, ಎಲ್ಲೆಲ್ಲೋ ಕೂರತ್ತೆ,” ಎಂದರು ಪ್ಯೊ. ಮಾತು ‘ನೊಣ’ ದಾಟುವ ಮೊದಲೇ ಹಿರಿಯ ಶಿಷ್ಯ ತೆಸಿಕ್ ನಕ್ಕಿದ್ದ.

ಪ್ಯೊ ಮೂಲಂಗಿ ಕಿಮ್ಚಿ ಕಡಿದು, ಬಾಯೊರೆಸಿಕೊಂಡು, ಸಾವಧಾನವಾಗಿ ಶುರುಮಾಡಿದರು. “ನಿನ್ನ ಪ್ರಬಂಧಕ್ಕೆ, ಈ ಸಲ, ನಾನು ಸಹಿ...”

ತೆಸಿಕ್ ಆಗಲೇ ಅಯ್ಯೋ ಪಾಪ ಎಂಬಂತೆ ತಲೆಯನ್ನು ಅಡ್ಡಡ್ಡ ಆಡಿಸಿದ. ಉಳಿದ ತಲೆಗಳೂ ಆಡಿದವು.

“ಸರ್, ಒಂದು ನಿಮಿಷ,” ಎಂದಳು ಹ್ಯೆರಿನ್. “ಹಾಕ್ತೀನಿ ಅಂತೀರೋ ಹಾಕಲ್ಲ ಅಂತೀರೋ, ನೀವಿನ್ನೂ ಹೇಳಿಲ್ಲ. ನಿಮ್ಮ ಸಿದ್ಧಾಂತದ ಪ್ರಕಾರ ಇವರೆಲ್ಲ ಸುಮ್ನೆ ಕಾಯ್ತಾ ಇರ್ಬೇಕು. ತೆಸಿಕ್ ಅಣ್ಣ ಯಾಕೆ ತಲೆ ಆಡಿಸ್ತಿದಾರೆ?”

“ಕುತ್ತಿಗೆ ಹಿಡ್ಕೊಂಡಿದೆ,” ಎಂದ ತೆಸಿಕ್.

“ಎಲ್ಲರದ್ದೂ ಒಟ್ಟಿಗೇನಾ?”

ಪ್ಯೊ ಅವರ ಮುಖ ಬಿಗಿಯಿತು. ಈಗ ‘ಹಾಕಲ್ಲ’ ಎಂದರೆ ಶಿಷ್ಯರ ಊಹೆ ನಿಜವಾಗುತ್ತದೆ. ತಮ್ಮ ಊಟದ ಮೇಜಿನ ಮೇಲೇ ಅವಳು ಗೆಲ್ಲುತ್ತಾಳೆ. ಅವರು ತೆಸಿಕ್‌ನನ್ನು ದುರುಗುಟ್ಟಿ ನೋಡಿದರು.

“ಹಾಕ್ತೀನಿ. ನೋಡಿದ್ಯಾ? ಇವರು ಅಂದ್ಕೊಂಡಿದ್ದು ತಪ್ಪು. ಕೊನೇವರೆಗೂ ಕಾಯ್ಲೇಬೇಕು.”

ತಪ್ಪಾದರೂ ಊಹೆ ಊಹೆಯೇ. ಶಿಷ್ಯರು ಕಾದಿರಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಇಷ್ಟೂ ಹೊಳೆಯದ ಮನುಷ್ಯನ ಲೋಟಕ್ಕೆ ಇಷ್ಟು ವರ್ಷ ಗೌರವಕ್ಕೆಂದು ಎರಡೂ ಕೈಯಿಂದ ನೀರು ಬಗ್ಗಿಸಿದೆನಲ್ಲ ಎಂದು ಅವಳಿಗೆ ಹೇಸಿಗೆಯಾಯಿತು. ಆದರೂ ಚೀಲದಿಂದ ಸಹಿಯ ಹಾಳೆ ತೆಗೆದು, ಎರಡೂ ಕೈಯಿಂದಲೇ ಅವರ ಮುಂದಿಟ್ಟಳು.

ಸುತ್ತಲಿನ ತಲೆಗಳು ಈಗ ಮೇಲೆ ಕೆಳಗೆ ಆಡುತ್ತಿದ್ದವು.