ಮೊದಲು ಪೆಟ್ಟಾಗದ ಕೈ ಅಳೆಯಿರಿ

ಮಗು ಅತ್ತರೆ ತಾಯಿ ಓಡಿ ಹೋಗಿ ಎತ್ತಿಕೊಳ್ಳುತ್ತಾಳೆ. ನಮ್ಮ ಪಕ್ಕದ ಮನೆಯ ವೇದಾ ಮಾತ್ರ ಗಂಡನನ್ನು ಕೂಗುತ್ತಿದ್ದಳು. ಒಂದು ದಿನವಲ್ಲ, ಹೆಚ್ಚುಕಡಿಮೆ ಮೂರು ತಿಂಗಳು!

ನಾನು ಫ್ಲಾವಿಯಾ. ಊರು ಮಂಗಳೂರು, ಈಗ ಅಮೆರಿಕದ ಮಿಲ್ ಕ್ರೀಕ್. ಪೆಟ್ಟಾದ ಕೈಗಳಿಗೆ ವ್ಯಾಯಾಮ ಮಾಡಿಸುವುದು ನನ್ನ ಕೆಲಸ. ವೇದಾ ಮನೆ ಹಿಂದಿನ ಮರದ ಜಗಲಿ, ಅಂದರೆ ಡೆಕ್ ಮೇಲಿನ ಪಾಚಿಗೆ ಜಾರಿ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡಿದ್ದಳು. ಪ್ಲಾಸ್ಟರ್ ಬಿಚ್ಚಿ ತಿಂಗಳಾಗಿತ್ತು. ಮೂಳೆ ಕೂಡಿದೆ, ಮಗುವನ್ನು ಎತ್ತಬಹುದು ಎಂದು ಡಾಕ್ಟರೂ ಹೇಳಿದ್ದರು. ಅಡ್ಡ ನಿಂತವನು ಅವಳ ಗಂಡ ಕೇಶವ.

ಕೇಶವನಿಗೆ ಓವರ್‌ಲೇಕ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟ್ ಮಾಡುವ ಕೆಲಸ. ಹೆಂಡತಿಯ ಕೈಯನ್ನೂ ಪುಣ್ಯಾತ್ಮ ಬಿಡಲಿಲ್ಲ. ದಿನಾ ಬೆಳಿಗ್ಗೆ ಅವಳ ಹಸ್ತದ ಮೇಲೆ ಫೋನ್ ಇಟ್ಟು, ಅದು ಹಿಂದಕ್ಕೆ ಎಷ್ಟು ಡಿಗ್ರಿ ಬಾಗುತ್ತದೆ ಎಂದು ನೋಡುತ್ತಿದ್ದ. ಇಂಟರ್‌ನೆಟ್ಟಿನ ಚಾರ್ಟು ಎಪ್ಪತ್ತು ಎನ್ನುತ್ತಿತ್ತು. ವೇದಾಳ ಕೈ ಐವತ್ತೆರಡಕ್ಕೇ ನಿಂತಿತ್ತು.

ಶನಿವಾರ ನಾನು ನೀರುದೋಸೆ ಕೊಡಲು ಹೋದಾಗ ಅವನು ಆ ಕೈಯನ್ನು ಒತ್ತಿ ಬಗ್ಗಿಸುತ್ತಿದ್ದ. ಅವಳ ಕಣ್ಣಲ್ಲಿ ನೀರು.

"ಅಯ್ಯೋ, ಬಿಡು ಮಾರಾಯ! ಅದು ಕೈ, ಚಪಾತಿ ಹಿಟ್ಟಲ್ಲ!" ಎಂದು ಬೈದೆ.

"ಇನ್ನೂ ಹದಿನೆಂಟು ಡಿಗ್ರಿ ಬರ್ಬೇಕಕ್ಕಾ. ಅಲ್ಲಿ ತನಕ ಅನುಶ್ರೀನ ಎತ್ಕೋಬೇಡ ಅಂದಿದೀನಿ. ಕೈ ಸೋತು ಮಗು ಬಿದ್ಬಿಟ್ರೆ?" ಎಂದ. ಪಾಪ, ಅವನ ಮುಖದಲ್ಲಿ ನಿಜವಾಗಿಯೂ ಹೆದರಿಕೆ ಇತ್ತು.

"ನಾನು ಹತ್ರ ಹೋದ್ರೂ ಅವಳು ಅಪ್ಪನ ಕಡೆಗೇ ಕೈ ಚಾಚ್ತಾಳೆ ಅಕ್ಕಾ," ಎಂದಳು ವೇದಾ. ನಾನು ದೋಸೆ ಕೆಳಗಿಟ್ಟು ಕೇಶವನ ಕಡೆ ತಿರುಗಿದೆ.

"ಕೇಶವಾ, ಇವಳ ಎಡಗೈ ಅಳೆದಿದ್ದೀಯಾ?"

"ಅದಕ್ಕೇನೂ ಆಗಿಲ್ವಲ್ಲ, ಯಾಕೆ ಅಳೀಲಿ?"

"ಎಂತದೂ ಆಗ್ಲಿಲ್ಲ ಅಲ್ವಾ, ಅದಕ್ಕೇ ಮೊದ್ಲು ಅದನ್ನು ಅಳೀಬೇಕು."

ಮನೆಗೆ ಹೋಗಿ ಕೋನ ಅಳೆಯುವ ಪಟ್ಟಿ ತಂದೆ. ವೇದಾಳ ಕೈಯನ್ನು ಮೊಣಕೈಯಿಂದ ಮಣಿಕಟ್ಟಿನವರೆಗೆ ಮೇಜಿನ ಮೇಲೆ ಇಡಿಸಿದೆ. ಅಂಗೈ ಕೆಳಮುಖ, ಹಸ್ತ ಮಾತ್ರ ಅಂಚಿನಿಂದ ಆಚೆ. "ಈಗ ನೀನೇ ಎತ್ತು, ಯಾರೂ ಒತ್ತುವುದು ಬೇಡ," ಎಂದೆ. ಎಡಗೈ ಐವತ್ತೈದು. ಬಲಗೈ ಐವತ್ತೆರಡು.

ಕೇಶವ ಕಣ್ಣು ಕಣ್ಣು ಬಿಟ್ಟ. "ಚೆನ್ನಾಗಿರೋ ಕೈಯೂ ಫೇಲಾ?"

"ಫೇಲಾದದ್ದು ನಿನ್ನ ಚಾರ್ಟು! ಐದು ಬೆರಳೂ ಒಂದೇ ಸಮ ಉಂಟಾ? ಮಣಿಕಟ್ಟಿನಲ್ಲಿ ಎಂಟು ಸಣ್ಣ ಸಣ್ಣ ಮೂಳೆ ಉಂಟು. ಅವುಗಳ ಆಕಾರ, ಅವನ್ನು ಹಿಡಿದ ನಾರುಗಳ ಬಿಗಿ, ಒಬ್ಬೊಬ್ಬರದ್ದು ಒಂದೊಂದು ಥರ. ಚಾರ್ಟಿನದ್ದು ಬರೀ ಸರಾಸರಿ. ವೇದಾಳ ಬಲಗೈಗೆ ಅಳತೆ ಅವಳದೇ ಎಡಗೈ."

"ಆದ್ರೂ ಅಕ್ಕಾ, ಅಷ್ಟೇ ಡಿಗ್ರಿಯಲ್ಲಿ ಮಗು ಎತ್ತೋದು..."

"ಎಲ್ಲಿ, ನಿನ್ನ ಕೈ ಇಡು ನೋಡುವಾ."

ಇಟ್ಟ. ನಲವತ್ತೊಂಬತ್ತು! ಮೂರು ತಿಂಗಳಿಂದ ದಿನಕ್ಕೆ ಇಪ್ಪತ್ತು ಸಲ ಮಗುವನ್ನು ಎತ್ತಿದ ಕೈ ಅದು. ವೇದಾ ಬಿದ್ದು ಬಿದ್ದು ನಕ್ಕಳು. ಕೇಶವನ ಕಿವಿ ಕೆಂಪಾಯಿತು.

ಅಷ್ಟರಲ್ಲಿ ಒಳಗೆ ಮಗು ಎದ್ದು ಅತ್ತಿತು. ಕೇಶವ ಅಭ್ಯಾಸಬಲದಿಂದ ಎದ್ದವನು ಮತ್ತೆ ಕುಳಿತ. "ನೀನೇ ಹೋಗು ವೇದಾ. ನಾನು ಪಕ್ಕದಲ್ಲೇ ನಿಂತಿರ್ತೀನಿ."

"ಎರಡೂ ಕೈಯಲ್ಲಿ ಎತ್ತು, ಎದೆಗೆ ಒತ್ತಿ ಹಿಡ್ಕೋ. ನೋವಾದ್ರೆ ಕೂಡಲೇ ಇಳಿಸು," ಎಂದು ನಾನೂ ಹಿಂದೆಯೇ ಹೋದೆ.

ವೇದಾ ಎತ್ತಿಕೊಂಡಳು. ಅನುಶ್ರೀ ಒಮ್ಮೆ ಅಪ್ಪನ ಕಡೆ ನೋಡಿದಳು. ಆಮೇಲೆ ಅಮ್ಮನ ಸರವನ್ನು ಬಾಯಿಗೆ ಹಾಕಿಕೊಂಡು ಸುಮ್ಮನಾದಳು. ಅತ್ತದ್ದು ಕೇಶವ.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಪೆಟ್ಟಾದ ಮಣಿಕಟ್ಟನ್ನು ಮನೆಯಲ್ಲಿ ಒತ್ತಿ ಬಗ್ಗಿಸಬೇಡಿ. ಯಾವಾಗ ಎಷ್ಟು ಭಾರ ಎತ್ತಬಹುದು ಎಂದು ಡಾಕ್ಟರನ್ನೇ ಕೇಳಿ. ನೋವು, ಊತ, ಜೋಮು ಹೆಚ್ಚಾದರೆ ಕಾಯದೆ ತೋರಿಸಿ. ಅಳೆಯುವವರಿಗೆ "ಎರಡೂ ಕೈ ನೋಡಿ" ಎಂದು ಹೇಳಿ. ಇನ್ನೊಂದು ಕೈಗೂ ಹಿಂದೆ ಪೆಟ್ಟಾಗಿದ್ದರೆ ಮುಚ್ಚಿಡಬೇಡಿ. ನಿಮ್ಮ ಮಗು ಕೈ ಚಾಚುವುದು ನಿಮ್ಮ ಕಡೆಗೆ, ಚಾರ್ಟಿನ ಕಡೆಗಲ್ಲ.